ಬಿಹಾರದ ಭೂಕಂಪವೂ ಪಿಯೆರ್ ಸೆರೆಸೋಲರೂ

ಶ್ರೀಮುಖ ಸಂವತ್ಸರದ ಪುಷ್ಯ ಬಹುಳ ಅಮಾವಾಸ್ಯೆ, ಸೋಮವಾರ. ಎಂದರೆ ೧೯೩೪ನೆಯ ಇಸವಿ ಜನವರಿ ೧೫ನೆಯ ತಾರೀಖು. ಸಂಕ್ರಾಂತಿ ಕಳೆದು ಒಂದು ದಿನವಾಗಿತ್ತು. ಸೋಮವಾರವೂ ಅಮಾವಾಸ್ಯೆಯೂ ಕೂಡಿ ಬಂದ ದಿನವು ನದೀಸ್ನಾನಕ್ಕೆ ಪ್ರಶಸ್ತವೆಂಬುದನ್ನು ವಾಚಕರು ಬಲ್ಲರು. ಗಂಗಾತೀರದ ದೇಶಕ್ಕಂತೂ ಅದು ಪರ್ವದಿನವೇ ಸರಿ. ಅಂದು ಮಧ್ಯಾಹ್ನ ೨ ಗಂಟೆ ೧೩ ನಿಮಿಷಕ್ಕೆ ಉತ್ತರ ಬಿಹಾರವೂ ನೇಪಾಳವೂ ಏಕಕಾಲದಲ್ಲಿ ನಡುಗಿದುವು. ಕೆಲವೇ ನಿಮಿಷಗಳೊಳಗೆ ಮುಂಗೇರ್, ಮುಜಫರ್‌ಪುರ, ದರ್ಭಂಗಾ, ಮೋತಿಹಾರಿ ಪಟ್ಟಣಗಳು ಹಾಳಾದುವು. ನೇಪಾಳದ ರಾಜಧಾನಿಯಲ್ಲಿ ಅರಮನೆಗಳೂ ದೇವಾಲಯಗಳೂ ಉರುಳಿದುವು. ಬಿಹಾರದಲ್ಲಿ ಸತ್ತವರು ಏಳು ಸಾವಿರಕ್ಕೆ ಮಿಕ್ಕವರು. ನೇಪಾಳದಲ್ಲಿ ಎಂಟು ಸಾವಿರಕ್ಕೆ ಮಿಕ್ಕವರು. ರಾತ್ರಿಯಲ್ಲಿ ಆಗಿದ್ದರೆ ಈ ಸಂಖ್ಯೆಯು ಎಷ್ಟರಮಟ್ಟಿಗೆ ಬೆಳೆಯುತ್ತಿದ್ದಿತೋ ಹೇಳಲಾಗದು. ಹಗಲಾದುದರಿಂದ ಹಳ್ಳಿಯ ಜನರು ಬಹುಮಟ್ಟಿಗೆ ಹೊಲಗಳಲ್ಲಿದ್ದರು, ಇದ್ದವರು ಉಳಿದರು.

ಉಳಿದರು, ಆದರೆ ಹೊಲವು ಉಳಿಯಲಿಲ್ಲ. ಗಂಗೆಗೆ ಉತ್ತರದಲ್ಲಿರುವ ಆ ಪ್ರದೇಶವು ಹಿಮಾಲಯದಿಂದಿಳಿಯುವ ನದಿಗಳು ಯುಗಯುಗಾಂತರಗಳಿಂದ ತಂದು ಹಾಸಿದ ಮರಳು ಮತ್ತು ಮೆಕ್ಕಲುಮಣ್ಣಿನ ಬಯಲು. ಕೆಳಗೆ ಬಂಡೆಯೆಂಬುದು ಕೈಗೆ ಸಿಗುವಷ್ಟು ಆಳದಲ್ಲಿಲ್ಲ; ಅಂತರ್ಜಲವು ಮಾತ್ರ ಹತ್ತಿರದಲ್ಲಿಯೇ ಇದೆ. ಇಂತಹ ನೆಲವನ್ನು ಬಲವಾಗಿ ಅಲುಗಾಡಿಸಿದರೆ ನೀರಿನಿಂದ ನೆನೆದ ಮರಳು ತನ್ನ ಗಟ್ಟಿತನವನ್ನು ಕಳೆದುಕೊಂಡು ಅಂಬಲಿಯಂತಾಗಿಬಿಡುತ್ತದೆ. ಅಂದು ಆದುದೂ ಅದೇ. ನೆಲವು ಬಾಯ್ದೆರೆದು ನೀರನ್ನೂ ಮರಳನ್ನೂ ಕಾರಂಜಿಗಳಂತೆ ಕಾರಿತು. ಬೆಳೆದು ನಿಂತ ಪೈರಿನ ಮೇಲೆ ಮರಳು ಹರಡಿತು. ಬಾವಿಗಳು ಬಾಯಿಮಟ್ಟ ಮರಳಿನಿಂದ ತುಂಬಿ ಕುಡಿಯುವ ನೀರೇ ಇಲ್ಲದಂತಾಯಿತು. ಮನೆಗಳು ಬೀಳುವುದಕ್ಕೆ ಬದಲಾಗಿ ಓರೆಯಾಗಿ ನೆಲದೊಳಕ್ಕೆ ಕುಸಿದು ನಿಂತುವು. ಈ ಕುಸಿತದ ಪಟ್ಟೆಯು ಮೋತಿಹಾರಿಯ ಕಡೆಯಿಂದ ಸೀತಾಮಢಿಯ ಮೂಲಕ ಮಧುಬನಿಯ ಕಡೆಗೆ ಚಾಚಿಕೊಂಡಿದ್ದಿತೆಂದು ಭೂಗರ್ಭ ಇಲಾಖೆಯವರು ಮುಂದೆ ಸ್ಥಳಪರೀಕ್ಷೆ ಮಾಡಿ ಬರೆದರು. ಸಕ್ಕರೆಯ ಕಾರ್ಖಾನೆಗಳು ಮುರಿದುಬಿದ್ದುದರಿಂದ ಕಟಾವಿಗೆ ಬಂದ ಕಬ್ಬು ಹೊಲದಲ್ಲಿಯೇ ನಿಂತಿತು. ಎತ್ತಿನ ಗಾಣಗಳನ್ನು ಎಲ್ಲೆಲ್ಲಿಂದಲೋ ತರಿಸಿ ಅದನ್ನು ಅರೆಯಬೇಕಾಯಿತು.

ಇವೆಲ್ಲಕ್ಕಿಂತಲೂ ದೊಡ್ಡ ಕಷ್ಟವು ಕಣ್ಣಿಗೆ ಒಡನೆಯೇ ಕಾಣತಕ್ಕದ್ದಾಗಿರಲಿಲ್ಲ. ನೆಲದ ಮಟ್ಟವು ಅಲ್ಲಲ್ಲಿ ತಗ್ಗಿತು. ಹಳ್ಳಗಳ ಪಾತ್ರಗಳಲ್ಲಿ ಮರಳು ತುಂಬಿ ನೀರು ಹರಿದುಹೋಗುವ ದಾರಿ ಕಟ್ಟಿತು. ಮೊದಲೇ ಪ್ರತಿವರ್ಷವೂ ಪ್ರವಾಹಕ್ಕೆ ಸಿಕ್ಕುವ ದೇಶವದು. ಜೂನ್ ತಿಂಗಳ ನಡುವಿನಲ್ಲಿ ಮಳೆ ಹಿಡಿದರೆ ಈಗ ಎಷ್ಟು ಹಳ್ಳಿಗಳು ನೀರಿನಲ್ಲಿ ನಿಲ್ಲುವುವೋ ಎಂಬ ಭಯವು ಹುಟ್ಟಿತು. ಬಿದ್ದ ಗೋಡೆಯನ್ನು ಬಿದ್ದ ಸ್ಥಳದಲ್ಲಿಯೇ ಎಬ್ಬಿಸಿದರೆ ಸಾಲದು. ಕೆಲವು ಗ್ರಾಮಗಳನ್ನು ಇಡಿಯಾಗಿ ಎತ್ತರದ ನೆಲಕ್ಕೆ ಒಯ್ಯಬೇಕಾಗಿದ್ದಿತು. ಪ್ರಕೃತ ಲೇಖನದ ವಿಷಯವು ಈ ಕೆಲಸಕ್ಕಾಗಿ ಬಹುದೂರದಿಂದ ಬಂದ ಒಬ್ಬ ಮನುಷ್ಯನದು. ಆದರೆ ಅವರ ಕಥೆಗೆ ಮೊದಲು, ನಮ್ಮವರು ಆಗ ಏನು ಹೇಳುತ್ತಿದ್ದರು, ಏನು ಮಾಡುತ್ತಿದ್ದರು ಎಂಬುದನ್ನು ನೋಡಬೇಕು.

ಭೂಕಂಪವು ಏಕೆ ಆಗುತ್ತದೆಂಬ ಪ್ರಶ್ನೆಯನ್ನು ನಮ್ಮ ಪೂರ್ವಿಕರು ಕೇಳದೆ ಬಿಟ್ಟವರಲ್ಲ. ವರಾಹಮಿಹಿರಾಚಾರ್ಯರು ಬೃಹತ್ಸಂಹಿತೆಯಲ್ಲಿ ಇದಕ್ಕಾಗಿ ಒಂದು ಅಧ್ಯಾಯವನ್ನೇ ಇಟ್ಟು, ಹಿಂದಿನವರ ಮತಗಳನ್ನು ಸಾಲಾಗಿ ಹೇಳಿದ್ದಾರೆ. ನೀರಿನಲ್ಲಿ ವಾಸಿಸುವ ಮಹಾಪ್ರಾಣಿಗಳ ಚಲನೆಯಿಂದ ಎಂದು ಕೆಲವರು. ಭೂಭಾರದಿಂದ ದಣಿದ ದಿಗ್ಗಜಗಳ ನಿಟ್ಟುಸಿರಿನಿಂದ ಎಂದು ಕೆಲವರು. ಗಾಳಿಗೆ ಗಾಳಿ ತಾಗಿ ನೆಲಕ್ಕೆ ಬಡಿಯುವುದರಿಂದ ಎಂದು ಇನ್ನು ಕೆಲವರು. ಅದೃಷ್ಟದಿಂದ, ಎಂದರೆ ಪ್ರಜೆಗಳ ಕರ್ಮದಿಂದ, ಎಂದು ಮತ್ತೆ ಕೆಲವರು. ಈ ಕೊನೆಯ ಪಕ್ಷವನ್ನು ೧೯೩೪ರಲ್ಲಿ ಹಿಡಿದವರು ಬೇರೆ ಯಾರೂ ಅಲ್ಲ, ಗಾಂಧಿಯವರು. ಹರಿಜನ ಪ್ರವಾಸದಲ್ಲಿ ತಮಿಳು ದೇಶದಲ್ಲಿದ್ದಾಗ, ಅಸ್ಪೃಶ್ಯತೆಯೆಂಬ ಪಾಪಕ್ಕೆ ಈಶ್ವರನು ಕೊಟ್ಟ ಶಿಕ್ಷೆಯೇ ಈ ಭೂಕಂಪವೆಂದು ಅವರು ನುಡಿದರು. ರವೀಂದ್ರನಾಥ ಠಾಕೂರರಿಗೆ ಇದು ಸಹಿಸಲಿಲ್ಲ. ಮನುಷ್ಯರ ನೀತಿಗೂ ಜಡಪ್ರಕೃತಿಯ ಕ್ಷೋಭೆಗೂ ಗಂಟುಹಾಕುವುದು ವಿಚಾರಶಕ್ತಿಗೆ ಕುಂದೆಂದು ಅವರು ಬರೆದು ಕಳುಹಿಸಿದುದನ್ನು ಗಾಂಧಿಯವರು ಫೆಬ್ರವರಿ ತಿಂಗಳಲ್ಲಿ ತಮ್ಮ ‘ಹರಿಜನ’ ಪತ್ರಿಕೆಯಲ್ಲಿಯೇ ಅಚ್ಚುಮಾಡಿಸಿ, ತಮ್ಮ ಸಮಾಧಾನವನ್ನೂ ಜೊತೆಗೆ ಕೊಟ್ಟರು. ಎದುರು ಮಾತಿಗೆ ಸ್ವಂತ ಪತ್ರಿಕೆಯಲ್ಲಿ ಮಣೆ ಹಾಕಿದ ಆ ಔದಾರ್ಯವು ಸ್ತುತ್ಯ. ಆದರೂ ವಿಷಯದಲ್ಲಿ ಠಾಕೂರರ ಪಕ್ಷವೇ ಸರಿಯೆಂದು ನನ್ನ ಅಭಿಪ್ರಾಯ. ಆ ದಿನ ಕುಸಿದ ಗೋಡೆಗಳಡಿ ಸಿಕ್ಕಿದವರಲ್ಲಿ ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರೂ ಇದ್ದಿರಲೇಬೇಕಷ್ಟೆ. ಪಾಪವನ್ನು ಸಹಿಸಿದವರಿಗೇ ಪಾಪದ ಶಿಕ್ಷೆಯೂ ಆಯಿತೆಂದರೆ ಯಾವ ಧರ್ಮಶಾಸ್ತ್ರಕ್ಕೂ ಒಪ್ಪಿಗೆಯಾಗದು.

ಅದಿರಲಿ. ಬಿಹಾರದ ನಾಯಕರಾದ ರಾಜೇಂದ್ರ ಪ್ರಸಾದರು ಆಗ ರಾಜಬಂದಿಗಳಾಗಿದ್ದು, ಅಸ್ವಸ್ಥತೆಯ ಕಾರಣ ಪಾಟ್ನಾದ ಆಸ್ಪತ್ರೆಯಲ್ಲಿದ್ದರು. ಭೂಕಂಪವಾದ ಎರಡು ದಿನಗಳಿಗೆ ಅವರ ಬಿಡುಗಡೆಯಾಯಿತು. ದೇಹದಲ್ಲಿ ತ್ರಾಣವಿಲ್ಲದಿದ್ದರೂ ಅವರು ಬಿಹಾರ ಕೇಂದ್ರ ಪರಿಹಾರ ಸಮಿತಿಯನ್ನು ಕಟ್ಟಿ ದೇಶದ ಮುಂದೆ ಕೈ ನೀಡಿದರು. ಹಣದ ಲೆಕ್ಕವನ್ನು ನೋಡಲು ಜೆ. ಸಿ. ಕುಮಾರಪ್ಪನವರು ಬಂದರು. ಬಾವಿಗಳ ಮರಳು ತೆಗೆಯಿಸುವುದೇ ಸಮಿತಿಯ ಮೊದಲ ಕೆಲಸಗಳಲ್ಲೊಂದಾಯಿತು. ಗಾಂಧಿಯವರು ಆಗ ನಮ್ಮ ಸೀಮೆಯಲ್ಲಿಯೇ ಸಂಚರಿಸುತ್ತಿದ್ದರು. ಫೆಬ್ರವರಿಯ ಕೊನೆ ಮತ್ತು ಮಾರ್ಚಿಯ ಮೊದಲ ದಿನಗಳಲ್ಲಿ ಮಂಗಳೂರು, ಹುಬ್ಬಳ್ಳಿ, ಬೆಳಗಾವಿಗಳ ಕಡೆಯ ಪ್ರವಾಸವನ್ನು ಮುಗಿಸಿಕೊಂಡು, ಹೈದರಾಬಾದಿನ ಮಾರ್ಗವಾಗಿ ಮಾರ್ಚಿ ೧೧ರಂದು ಪಾಟ್ನಾವನ್ನು ಸೇರಿದರು. ಹೋದಲ್ಲೆಲ್ಲ ಅವರು ಹೇಳಿದುದು ಒಂದೇ ಮಾತು: ಭಿಕ್ಷೆಯನ್ನು ಕೇಳಬೇಡಿ, ಕೆಲಸವನ್ನು ಕೇಳಿ, ಮಾಡಿದ ಕೆಲಸಕ್ಕೆ ಅನ್ನವನ್ನು ತೆಗೆದುಕೊಳ್ಳಿ. ಸರಕಾರದೊಡನೆ ಈ ಒಂದು ಕಾರ್ಯದಲ್ಲಿ ಆದರಪೂರ್ವಕವಾಗಿ ಸಹಕರಿಸಬೇಕೆಂಬ ನಿರ್ಣಯವನ್ನೂ ಸಮಿತಿಯ ಮುಂದೆ ಅವರೇ ಇಟ್ಟರು. ಕಾನೂನು ಮುರಿದು ಸೆರೆಮನೆಗೆ ಹೋಗುತ್ತಿದ್ದವರೂ ಅವರನ್ನು ಸೆರೆಮನೆಗೆ ಕಳುಹಿಸುತ್ತಿದ್ದವರೂ ಒಂದೇ ಬಾವಿಯ ದಡದಲ್ಲಿ ನಿಂತ ಕಾಲವದು.

ಇದೇ ಕಾಲದ ಒಂದು ಸಂಗತಿಯನ್ನು ಜವಾಹರಲಾಲ ನೆಹರೂ ಅವರು ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಅವರು ಮುಂಗೇರಿಗೆ ಹೋದಾಗ ಪಟ್ಟಣವು ಇಟ್ಟಿಗೆಯ ರಾಶಿಯಾಗಿ ಬಿದ್ದಿದ್ದಿತು. ಅದನ್ನು ಅಗೆದು ನೋಡುವ ಕೆಲಸವು ಸಾಗಿರಲಿಲ್ಲ. ಪರಿಹಾರಕ್ಕೆಂದು ಬಂದ ಸಂಸ್ಥೆಗಳು ಹಲವಿದ್ದುವು. ಅವುಗಳ ಮುಖ್ಯಸ್ಥರೂ ಇದ್ದರು. ಆಗ ಅವರೆಲ್ಲರೂ ಸೇರಿ, ಸನಿಕೆ ಬುಟ್ಟಿಗಳನ್ನು ಹೆಗಲ ಮೇಲಿಟ್ಟುಕೊಂಡು ಬೀದಿಯಲ್ಲಿ ಮೆರವಣಿಗೆಯಾಗಿ ಹೋಗಿ, ಇಡೀ ದಿನ ಅಗೆದರು. ಒಬ್ಬ ಚಿಕ್ಕ ಹುಡುಗಿಯ ಶವವು ಸಿಕ್ಕಿತು. ನೆಹರೂ ಅವರು ಅಂದೇ ಹೊರಟುಹೋದರೂ ಅಗೆತವು ನಿಲ್ಲದೆ, ಊರಿನವರೇ ಅದನ್ನು ಮುಂದುವರಿಸಿದರು. ಬಿಹಾರದಿಂದ ಹಿಂದಿರುಗಿದೊಡನೆಯೇ, ಫೆಬ್ರವರಿ ೧೨ರಂದು, ಅವರ ದಸ್ತಗಿರಿಯಾಯಿತು. ಅದು ಬೇರೆ ಕಥೆ.

ನಾನು ಈ ಪುಟಗಳನ್ನು ಓದಿದಾಗ ಬಹಳ ಹೊತ್ತು ಪುಸ್ತಕವನ್ನು ಮುಚ್ಚಿ ಕುಳಿತಿದ್ದೆನು. ಅಗೆಯುವುದಕ್ಕೆ ಮೆರವಣಿಗೆ ಏಕೆ ಬೇಕಾಯಿತು? ಇಟ್ಟಿಗೆಗಳಡಿಯಲ್ಲಿ ಮನುಷ್ಯರಿದ್ದರೆಂಬುದು ಯಾರಿಗೂ ತಿಳಿಯದ ವಿಷಯವಾಗಿರಲಿಲ್ಲ. ಹಣ ಕೊಡುವವರು, ಪಟ್ಟಿ ಬರೆಯುವವರು, ಧಾನ್ಯ ಹಂಚುವವರು ಎಲ್ಲರೂ ಇದ್ದರು. ಮಣ್ಣೆತ್ತುವುದು ಮಾತ್ರ ಮಣ್ಣೆತ್ತುವವರ ಕೆಲಸವಾಗಿದ್ದಿತು.

ಇದರ ಬೇರು ನಮ್ಮ ಶಾಸ್ತ್ರಗಳಲ್ಲಿಯೇ ಇದೆಯೆಂಬುದನ್ನು, ಆ ಶಾಸ್ತ್ರಗಳ ಅನ್ನವನ್ನುಂಡು ಬೆಳೆದ ನಾನು ಮುಚ್ಚಿಟ್ಟರೆ ತಪ್ಪಾದೀತು. ಇಷ್ಟ, ಪೂರ್ತ ಎಂದು ಧರ್ಮಕಾರ್ಯಗಳನ್ನು ಎರಡಾಗಿ ಹೇಳುತ್ತಾರಷ್ಟೆ. ಯಜ್ಞಾದಿಗಳು ಇಷ್ಟ, ಕೆರೆ ಬಾವಿಗಳನ್ನು ತೋಡಿಸುವುದು, ದೇವಾಲಯ ಛತ್ರಗಳನ್ನು ಕಟ್ಟಿಸುವುದು, ತೋಪು ಹಾಕಿಸುವುದು ಪೂರ್ತ. ಕ್ರಿಯಾಪದಗಳನ್ನು ವಾಚಕರು ಗಮನಿಸಬೇಕು: ತೋಡಿಸುವುದು, ಕಟ್ಟಿಸುವುದು, ಹಾಕಿಸುವುದು. ಪುಣ್ಯವು ಪ್ರೇರಣಾರ್ಥಕದಲ್ಲಿದೆ. ತೋಡಿದವನಿಗೆ ಕೂಲಿ, ತೋಡಿಸಿದವನಿಗೆ ಸ್ವರ್ಗ. ಕಡಪೆಯ ಸೀಮೆಯ ಪೋರುಮಾಮಿಳ್ಳದ ದೊಡ್ಡ ಕೆರೆಯನ್ನು ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು ಕಟ್ಟಿಸಿದನು. ೧೩೬೯ರ ಅದರ ಸಂಸ್ಕೃತ ಶಾಸನವು ಕೆರೆಗೆ ಇರಬೇಕಾದ ಗುಣಗಳನ್ನೂ ದೋಷಗಳನ್ನೂ ಶಾಸ್ತ್ರೀಯವಾಗಿ ಹೇಳುವ ಅಪೂರ್ವ ಲೇಖ. ದಿನಕ್ಕೆ ಸಾವಿರ ಆಳುಗಳೂ ನೂರು ಬಂಡಿಗಳೂ ದುಡಿದು ಎರಡು ವರ್ಷಗಳಲ್ಲಿ ಕೆಲಸವು ಮುಗಿಯಿತೆಂದು ಅದರಲ್ಲಿದೆ. ಆಳುಗಳನ್ನು ಎಣಿಸಿದ್ದಾರೆ, ಅಷ್ಟರಮಟ್ಟಿಗೆ ಸಂತೋಷ, ಬಂಡಿಗಳನ್ನೂ ಎಣಿಸಿದ್ದಾರೆ.

ಈಗ ಪ್ರಕೃತಕ್ಕೆ ಬರೋಣ. ಪಿಯೆರ್ ಸೆರೆಸೋಲ್ ಎಂಬವರು ಸ್ವಿಟ್ಸರ್ಲೆಂಡ್ ದೇಶದ ಲೋಸಾನ್ ನಗರದಲ್ಲಿ ೧೮೭೯ನೆಯ ಇಸವಿ ಆಗಸ್ಟ್ ೧೭ರಂದು ಹುಟ್ಟಿದರು. ತಂದೆ ಪಾಲ್ ಸೆರೆಸೋಲ್ ೧೮೭೩ರಲ್ಲಿ ಆ ದೇಶದ ಅಧ್ಯಕ್ಷಪದವಿಯಲ್ಲಿದ್ದವರು. ಮಗನು ಗಣಿತವನ್ನೂ ಯಂತ್ರಶಿಲ್ಪವನ್ನೂ ಕಲಿತು, ಅಮೆರಿಕದಲ್ಲಿಯೂ ಜಪಾನಿನಲ್ಲಿಯೂ ಕೆಲವು ವರ್ಷ ಕೈದುಡಿಮೆಯಿಂದಲೂ ವಿದ್ಯೆಯಿಂದಲೂ ಜೀವನ ಮಾಡಿ, ಮೊದಲನೆಯ ಮಹಾಯುದ್ಧವು ಹೊತ್ತಿಕೊಂಡ ಕಾಲಕ್ಕೆ ಸ್ವದೇಶಕ್ಕೆ ಬಂದರು. ತನಗೆ ಪಿತ್ರಾರ್ಜಿತವಾಗಿ ಬಂದ ಹಣವು ತಾನು ದುಡಿದದ್ದಲ್ಲವೆಂದು ಅದನ್ನು ಸರಕಾರಕ್ಕೆ ಒಪ್ಪಿಸಿಬಿಟ್ಟರು. ಆ ದೇಶದಲ್ಲಿ ಸೈನ್ಯದಲ್ಲಿ ದುಡಿಯದವರು ಅದಕ್ಕೆ ಪ್ರತಿಯಾಗಿ ಒಂದು ಕರವನ್ನು ಕೊಡಬೇಕು. ಆ ಕರವನ್ನು ಕೊಡಲೊಲ್ಲದೆ ಸೆರೆಮನೆಗೆ ಹೋದರು. ಯುದ್ಧವು ಬೇಡವೆಂದು ಬಾಯಲ್ಲಿ ಹೇಳುವವರು ಯಾವ ದೇಶದಲ್ಲಿಯೂ ಇದ್ದಾರೆ. ಯುದ್ಧವು ಕೆಡವಿದುದನ್ನು ಕಟ್ಟುವುದಕ್ಕೆ ಹೋಗಬೇಕೆಂದು ತೋರಿದುದು ಇವರ ವೈಶಿಷ್ಟ್ಯ.

ಫ್ರಾನ್ಸಿನ ವರ್ದಂ ಕೋಟೆಯ ಸಮೀಪದಲ್ಲಿ ೧೯೧೬ರಲ್ಲಿ ಹತ್ತು ತಿಂಗಳು ನಡೆದ ಘೋರ ಕಾಳಗದಲ್ಲಿ ಫ್ರೆಂಚರೂ ಜರ್ಮನರೂ ಕೂಡಿ ಸುಮಾರು ಮೂರು ಲಕ್ಷ ಜನರು ಮಡಿದರು. ಅಲ್ಲಿಯ ಎನ್ ಎಂಬ ಹಳ್ಳಿಯು ಗುಂಡುಗಳ ಮಳೆಯಿಂದ ನೆಲಸಮವಾಗಿದ್ದಿತು. ೧೯೨೦ರ ನವೆಂಬರಿನಲ್ಲಿ, ಚಳಿಗಾಲವು ಕಾಲಿಡುತ್ತಿದ್ದಾಗ, ಸೆರೆಸೋಲರೂ ಹ್ಯೂಬರ್ಟ್ ಪ್ಯಾರಿಸ್ ಎಂಬ ಇಂಗ್ಲಿಷ್ ಕ್ವೇಕರರೂ ಬೆರಳೆಣಿಕೆಯ ಸಂಗಡಿಗರೊಡನೆ ಅಲ್ಲಿಗೆ ಹೋದರು. ಆ ಸಂಗಡಿಗರಲ್ಲಿ ಜರ್ಮನರೂ ಇದ್ದರು. ಗುಂಡಿನ ಹೊಂಡಗಳನ್ನು ಮುಚ್ಚಿದರು, ದಾರಿಯನ್ನು ಸರಿಮಾಡಿದರು, ಮರದ ಮನೆಗಳನ್ನು ನಿಲ್ಲಿಸಿದರು. ಆ ಸೀಮೆಯಲ್ಲಿ ನವೆಂಬರಿನಿಂದ ಮಾರ್ಚಿಯವರೆಗಿನ ಕಾಲವು ಕಟ್ಟಡದ ಕಾಲವಲ್ಲ. ನೆಲವು ಒಂದು ವಾರ ಹಿಮಗಟ್ಟಿ ಕಲ್ಲಾಗುತ್ತದೆ, ಮರುವಾರ ಕರಗಿ ಕೆಸರಾಗುತ್ತದೆ. ಆ ಕೆಲಸವನ್ನು ನಿಲ್ಲಿಸಿದ್ದು ಹಿಮವಲ್ಲ. ಕೆಡವಿದ ಶತ್ರುವೇ ಬಂದು ಕಟ್ಟುವುದೆಂಬುದು ಅಧಿಕಾರಿಗಳಿಗೆ ಹಿಡಿಸಲಿಲ್ಲ. ೧೯೨೧ರ ವಸಂತದಲ್ಲಿ ತಂಡವು ಚದುರಿತು.

ಸೆರೆಸೋಲರು ಇದರಿಂದ ಹಿಂಜರಿಯಲಿಲ್ಲ. ೧೯೨೪ರ ಬೇಸಗೆಯಲ್ಲಿ ತಮ್ಮ ದೇಶದ ಒರ್ಮೋನ್ ಕಣಿವೆಯಲ್ಲಿ ಹಿಮಪಾತವು ಕೆಡಹಿದ ಹಳ್ಳಿಯನ್ನು ಶುದ್ಧಿಮಾಡಲು ಮತ್ತೊಂದು ತಂಡವನ್ನು ಕಟ್ಟಿದರು. ಇಲ್ಲಿ ಒಂದು ಸ್ವಾರಸ್ಯವಿದೆ. ತಂಡದ ಮೇಲ್ವಿಚಾರಣೆಯನ್ನು ವಹಿಸಿದವರು ಅವರ ಸಹೋದರರಾದ ಅರ್ನೆಸ್ಟ್ ಸೆರೆಸೋಲರು. ಅವರು ಸ್ವಿಸ್ ಸೈನ್ಯದಲ್ಲಿ ಕರ್ನಲ್ ಪದವಿಯವರು. ಒಬ್ಬರು ಯುದ್ಧಕರವನ್ನು ಕೊಡದೆ ಸೆರೆಮನೆಗೆ ಹೋದವರು, ಮತ್ತೊಬ್ಬರು ಯುದ್ಧವೇ ವೃತ್ತಿಯಾದವರು. ಬೆಳಗ್ಗೆ ಹೊತ್ತಿಗೆ ಸರಿಯಾಗಿ ಏಳುವುದು, ಸಲಕರಣೆಗಳನ್ನು ಎಣಿಸಿ ಕೊಟ್ಟು ಎಣಿಸಿ ತೆಗೆದುಕೊಳ್ಳುವುದು, ಹೇಳಿದ ಕೆಲಸವನ್ನು ಎದುರುಮಾತಿಲ್ಲದೆ ಮಾಡುವುದು—ಶಾಂತಿಸೇವೆಗೂ ಸೈನ್ಯದ ಈ ಶಿಸ್ತು ಬೇಕೆಂದು ಇಬ್ಬರೂ ಒಪ್ಪಿದ್ದರು. ಮುರಿದ ಕತ್ತಿಯೂ ಅದರೊಡನೆ ಒಂದು ಸನಿಕೆಯೂ ಇವರ ಸಂಘದ ಮುದ್ರೆಯಾದುವು.

ಮುಂದೆ ಬಿಹಾರಕ್ಕೆ ಸಂಬಂಧಿಸಿದಂತೆ ಮುಖ್ಯವಾದುದು ೧೯೨೮ರ ಕೆಲಸ. ೧೯೨೭ರ ಸೆಪ್ಟೆಂಬರಿನಲ್ಲಿ ರೈನ್ ನದಿಯು ಏರಿಯನ್ನು ಒಡೆದು ಲೀಖ್ಟೆನ್‌ಸ್ಟೈನ್ ಎಂಬ ಪುಟ್ಟ ಸಂಸ್ಥಾನದ ಹೊಲಗಳ ಮೇಲೆ ಜಲ್ಲಿಯನ್ನೂ ಮರಳನ್ನೂ ಹಾಸಿಬಿಟ್ಟಿತು. ಮರುವರ್ಷ ಅನೇಕ ದೇಶಗಳಿಂದ ಸುಮಾರು ಏಳುನೂರು ಮಂದಿ ಸ್ವಯಂಸೇವಕರು ಸರದಿಯ ಮೇಲೆ ಬಂದು ಆ ಮರಳನ್ನು ಎತ್ತಿ ಹೊಲಗಳನ್ನು ಮತ್ತೆ ಹೊಲಗಳನ್ನಾಗಿ ಮಾಡಿದರು. ಪೈರಿನ ಮೇಲೆ ಮರಳು ಬಿದ್ದ ದೇಶವನ್ನು ಕಂಡಾಗ ಏನು ಮಾಡಬೇಕೆಂಬುದು ಆದಕಾರಣ ಸೆರೆಸೋಲರಿಗೆ ಗ್ರಂಥದಿಂದ ತಿಳಿದ ವಿಷಯವಾಗಿರಲಿಲ್ಲ.

೧೯೩೧ರ ಡಿಸೆಂಬರಿನಲ್ಲಿ ಗಾಂಧಿಯವರು ದುಂಡುಮೇಜಿನ ಪರಿಷತ್ತನ್ನು ಮುಗಿಸಿಕೊಂಡು ಬರುತ್ತ, ಸ್ವಿಟ್ಸರ್ಲೆಂಡಿನಲ್ಲಿ ರೊಮೆ ರೊಲಾ ಅವರ ಅತಿಥಿಗಳಾಗಿ ಕೆಲವು ದಿನ ನಿಂತರು. ಆಗ ಲೋಸಾನಿನಲ್ಲಿ ಸೆರೆಸೋಲರ ಪರಿಚಯವಾಯಿತು. ಎರಡು ವರ್ಷಗಳ ತರುವಾಯ ಬಿಹಾರದ ವಾರ್ತೆಯು ಮುಟ್ಟಿದಾಗ, ಸೆರೆಸೋಲರಿಗೆ ೫೪ ವರ್ಷ. ಹಣವನ್ನು ಕೂಡಿಸಿ ಕಳುಹಿಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು ತಾವೇ ಹೊರಟರು. ಮೊದಲು ಸ್ಥಿತಿಯನ್ನು ನೋಡಿಕೊಂಡು ಹೋಗಲು ಬಂದರು. ಬಳಿಕ ಇಂಗ್ಲೆಂಡಿನಿಂದಲೂ ಸ್ವಿಟ್ಸರ್ಲೆಂಡಿನಿಂದಲೂ ಮೂರು ನಾಲ್ಕು ಮಂದಿ ಸಂಗಡಿಗರೊಡನೆ ಬಂದರು. ೧೯೩೪ರಿಂದ ೧೯೩೭ರವರೆಗೆ ಮೂರು ಸಲ ಬಂದು ಹೋದರು. ಮುಜಫರ್‌ಪುರ ಜಿಲ್ಲೆಯಲ್ಲಿ, ಪ್ರವಾಹಕ್ಕೆ ಸಿಕ್ಕುವ ಹಳ್ಳಿಗಳಿಂದ ಜನರನ್ನು ಎತ್ತರದ ನೆಲಕ್ಕೆ ತಂದು ಹೊಸ ಗ್ರಾಮಗಳನ್ನು ಕಟ್ಟುವುದು ಅವರ ಪಾಲಿಗೆ ಬಂದ ಕೆಲಸ. ಅವುಗಳಲ್ಲೊಂದಕ್ಕೆ ಶಾಂತಿಪುರವೆಂದು ಹೆಸರಾಯಿತು.

ಆ ದೇಶದ ಹವೆಯನ್ನು ಇಲ್ಲಿ ನೆನೆಯಬೇಕು. ಕಟ್ಟಡದ ಕೆಲಸಕ್ಕೆ ದೊರೆಯುವ ಕಾಲವೇ ಸ್ವಲ್ಪ. ಮಳೆ ನಿಂತು ನೆಲವು ಒಣಗಬೇಕಾದರೆ ಕಾರ್ತಿಕವು ಕಳೆಯಬೇಕು. ಪುಷ್ಯ ಮಾಘಗಳಲ್ಲಿ ಬೆಳಗಿನ ಮಂಜು ಬಿಸಿಲೇರುವವರೆಗೂ ಹರಿಯದು. ಚಳಿಯು ಮೂಳೆಗೆ ಮುಟ್ಟುತ್ತದೆ. ಚೈತ್ರದಿಂದ ಪಶ್ಚಿಮದ ಗಾಳಿಯು ಧೂಳನ್ನು ಹೊತ್ತು ಬೀಸತೊಡಗಿ, ವೈಶಾಖ ಜ್ಯೇಷ್ಠಗಳಲ್ಲಿ ಅದೇ ಗಾಳಿಯು ಕುಲುಮೆಯ ಉರಿಯಾಗುತ್ತದೆ. ‘ಲೂ’ ಎಂದು ಅಲ್ಲಿಯವರು ಕರೆಯುವ ಆ ಗಾಳಿಗೆ ಸಿಕ್ಕಿ ಆ ದೇಶದಲ್ಲಿಯೇ ಹುಟ್ಟಿ ಬೆಳೆದವರೂ ಸಾಯುವುದುಂಟು. ಅದು ಮುಗಿಯುತ್ತಲೇ ಮಳೆ. ಎತ್ತರದ ಜಗಲಿಯಂತೆ ಮಣ್ಣನ್ನು ಪೇರಿಸಿ ಅದರ ಮೇಲೆ ಮನೆ ಕಟ್ಟಬೇಕಾದರೆ, ಹೊಸ ಮಣ್ಣು ಕುಳಿತುಕೊಳ್ಳಲು ಅವಕಾಶ ಬೇಕು. ಕುಳಿತುಕೊಳ್ಳದ ಮಣ್ಣಿನ ಮೇಲೆ ಎಬ್ಬಿಸಿದ ಗೋಡೆಯು ಬಿರುಕುಬಿಡುತ್ತದೆ. ಮಳೆ ಹಿಡಿದ ಬಳಿಕ ಮಣ್ಣು ಬುಟ್ಟಿಗೆ ಅಂಟುತ್ತದೆಯೇ ಹೊರತು ನೆಲಕ್ಕೆ ಬೀಳದು. ಹೊತ್ತವನ ಕಾಲು ಜಾರುತ್ತದೆ. ಮಾಡು ಮುಚ್ಚದೆ ಉಳಿದ ಗೋಡೆಯನ್ನಂತೂ ಒಂದು ಮಳೆಯೇ ಕರಗಿಸುತ್ತದೆ. ಹೀಗೆ ಒಂದು ಕಡೆ ಬಿಸಿಲು ಹಿಂದಕ್ಕೆ ತಳ್ಳುತ್ತಿರಲು, ಮತ್ತೊಂದು ಕಡೆ ಮುಂಬರುವ ಮಳೆ ಮುಂದಕ್ಕೆ ದೂಡುತ್ತಿರುವುದು. ಆಲ್ಪ್ಸ್ ಪರ್ವತಗಳ ತಂಪಿನಲ್ಲಿ ಬೆಳೆದ, ಯೌವನವನ್ನು ದಾಟಿದ ದೇಹವು ಇದನ್ನು ಸಹಿಸಿತೆಂಬುದು ಸಣ್ಣ ಮಾತಲ್ಲ.

ಆದರೆ ಇಲ್ಲಿ ಒಂದು ಕಠಿನ ಪ್ರಶ್ನೆಯಿದೆ. ಅದನ್ನು ದಾಟಿಹೋಗುವುದು ಇತಿಹಾಸ ಬರೆಯುವವನಿಗೆ ಸಲ್ಲದು. ಸ್ವಿಟ್ಸರ್ಲೆಂಡಿನಲ್ಲಿ ಆಳು ಸಿಕ್ಕುವುದು ದುರ್ಲಭ. ಏಳುನೂರು ಜನರು ಬಿಟ್ಟಿ ದುಡಿದರೆ ಅದು ಏಳುನೂರು ಆಳುಗಳ ಲಾಭ. ಬಿಹಾರದಲ್ಲಿ ದುರ್ಲಭವಾದುದು ಆಳಲ್ಲ, ಅನ್ನ. ಮಣ್ಣು ಕೆಲಸದಲ್ಲಿ ಪಳಗಿದ ಸಾವಿರಾರು ಮಂದಿ ಕೂಲಿಗಾಗಿ ಕಾದು ನಿಂತಿದ್ದಲ್ಲಿ ನಾಲ್ವರು ಐರೋಪ್ಯರು ಗುದ್ದಲಿ ಹಿಡಿದರೆ ಎಷ್ಟು ಮಣ್ಣು ಹೆಚ್ಚಾಗಿ ಎದ್ದೀತು? ಅವರ ಹಡಗಿನ ಬಾಡಿಗೆಯಿಂದ ಎಷ್ಟು ಕೂಲಿಯವರಿಗೆ ಎಷ್ಟು ದಿನ ಕೆಲಸ ಕೊಡಬಹುದಾಗಿದ್ದಿತು? ಲೆಕ್ಕದ ಮನುಷ್ಯನು ಕೇಳಿದರೆ ಈ ಪ್ರಶ್ನೆಗೆ ಉತ್ತರವಿಲ್ಲ. ಸೆರೆಸೋಲರು ಗಣಿತಜ್ಞರು, ಈ ಲೆಕ್ಕವು ಅವರಿಗೆ ಹೊಳೆಯದೆ ಇದ್ದಿರಲಾರದು.

ಮತ್ತೂ ಒಂದು ಆಕ್ಷೇಪವುಂಟು. ಬೇಕಾದಾಗ ಹಿಡಿದು ಬೇಡವಾದಾಗ ಇಡಬಹುದಾದ ಗುದ್ದಲಿಯೂ, ಹುಟ್ಟಿದಂದಿನಿಂದ ಸಾಯುವವರೆಗೆ ಕೈಬಿಡದ ಗುದ್ದಲಿಯೂ ಒಂದೇ ಅಲ್ಲ. ಮೊದಲನೆಯದು ವ್ರತ, ಎರಡನೆಯದು ಬಾಳು. ವ್ರತ ಮಾಡಿದವನಿಗೆ ಚರಿತ್ರೆಯಲ್ಲಿ ಹೆಸರು ಉಳಿಯುತ್ತದೆ. ಶಾಂತಿಪುರದ ಮಣ್ಣನ್ನು ಹೊತ್ತ ಹಳ್ಳಿಗರ ಹೆಸರನ್ನು ನಾನು ಈ ಲೇಖನದಲ್ಲಿ ಒಂದನ್ನಾದರೂ ಬರೆಯಲಾರೆನು. ಪೋರುಮಾಮಿಳ್ಳದ ಶಾಸನಕಾರನನ್ನು ಹಾಸ್ಯಮಾಡಿದ ನನಗೂ ಅವನಿಗೂ ಈ ವಿಷಯದಲ್ಲಿ ಅಂತರವಿಲ್ಲ.

ಇಷ್ಟನ್ನು ಒಪ್ಪಿಕೊಂಡ ಮೇಲೆಯೂ ಸೆರೆಸೋಲರ ಬರವು ವ್ಯರ್ಥವಾಯಿತೆಂದು ಹೇಳಲು ನನಗೆ ಮನಸ್ಸು ಬಾರದು. ಆಳುವ ಜನಾಂಗದ ಬಣ್ಣದ ಮನುಷ್ಯರು, ಕುದುರೆಯ ಮೇಲೆ ಕುಳಿತು ಕೆಲಸ ನೋಡದೆ, ಬುಟ್ಟಿಯ ಸಾಲಿನಲ್ಲಿ ನಿಂತುದನ್ನು ಮುಜಫರ್‌ಪುರದ ರೈತನು ಅದಕ್ಕೆ ಮೊದಲು ಕಂಡಿದ್ದನೇ? ಅವರು ಸರಕಾರದ ಅಧಿಕಾರಿಗಳೊಡನೆಯೂ ರಾಜೇಂದ್ರ ಪ್ರಸಾದರ ಕಡೆಯವರೊಡನೆಯೂ ಸಮವಾಗಿ ಬಳಸಿದರು. ಪರಸ್ಪರ ಅಪನಂಬಿಕೆಯ ಆ ದಿನಗಳಲ್ಲಿ ಅದು ಮಣ್ಣೆತ್ತುವುದಕ್ಕಿಂತ ಸುಲಭವಾಗಿದ್ದಿರಲಾರದು. ರೈತನಿಗಿಂತಲೂ ಹೆಚ್ಚಾಗಿ ಅವರನ್ನು ನೋಡಬೇಕಾಗಿದ್ದವರು ನಮ್ಮಂತಹ ಓದುಬರಹದವರು. ವಕೀಲನು, ಉಪಾಧ್ಯಾಯನು, ಗುಮಾಸ್ತನು, ಶಾಸ್ತ್ರಿಯು—ಮುಂಗೇರಿನಲ್ಲಿ ಮೆರವಣಿಗೆ ಹೊರಡುವವರೆಗೂ ಕಾದವರು ನಾವೇ ಅಲ್ಲವೆ?

ನನ್ನ ಸ್ವಂತದ ಒಂದು ಮಾತನ್ನು ಇಲ್ಲಿ ಹೇಳದಿದ್ದರೆ ಕಪಟವಾದೀತು. ನಾನು ಪಾಠಶಾಲೆಯಲ್ಲಿ ಓದುತ್ತಿದ್ದಾಗ ಒಂದು ಆಷಾಢದ ಮಳೆಯಲ್ಲಿ ಹಿಂಭಾಗದ ಮಣ್ಣಿನ ಗೋಡೆಯು ಕುಸಿಯಿತು. ನಾವು ವಿದ್ಯಾರ್ಥಿಗಳು ಪುಸ್ತಕಗಳನ್ನೂ ಮಣೆಗಳನ್ನೂ ಒಳಗಿನ ಅಂಕಣಕ್ಕೆ ಸಾಗಿಸಿಕೊಂಡು ಅಲ್ಲಿಯೇ ಕುಳಿತು ರಘುವಂಶವನ್ನು ಮುಂದುವರಿಸಿದೆವು. ಆಳುಗಳು ಮಳೆಯಲ್ಲಿ ನೆನೆಯುತ್ತ ಮಣ್ಣು ಕಲಸಿ ಗೋಡೆಯನ್ನಿಟ್ಟರು. ಹದಿನೈದು ಹದಿನಾರು ವಯಸ್ಸಿನ ಗಟ್ಟಿ ಹುಡುಗರು ನಾವು ಇಪ್ಪತ್ತು ಮಂದಿ. ಅವರು ಮೂವರು, ಅವರಲ್ಲಿ ಒಬ್ಬಾಕೆ ಬಾಣಂತಿತನದಿಂದ ಎದ್ದು ಬಂದವಳು. ಎದ್ದು ಹೋಗಿ ಒಂದು ಬುಟ್ಟಿಯನ್ನು ಹಿಡಿಯಬೇಕೆಂದು ನಮ್ಮಲ್ಲಿ ಯಾರಿಗೂ ತೋರಲಿಲ್ಲ. ಯಾರೂ ತಡೆದರೆಂದಲ್ಲ, ತೋರಲೇ ಇಲ್ಲ. ಮುಂದೆ ನಾನು ಉಪಾಧ್ಯಾಯನಾಗಿದ್ದ ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ, ಪಾಠ ಒಪ್ಪಿಸದ ಹುಡುಗರನ್ನು ಶಾಲೆಯ ತೋಟದ ಪಾತಿ ಅಗೆಯಲು ಕಳುಹಿಸುತ್ತಿದ್ದೆನು. ಅಗೆಯುವುದು ಶಿಕ್ಷೆಯೆಂದು ಅವರಿಗೆ ಕಲಿಸಿದವನು ನಾನು. ಅಕ್ಟೋಬರ್ ತಿಂಗಳಲ್ಲಿ ಒಂದು ದಿನ ಅದೇ ಹುಡುಗರ ಮುಂದೆ ನಿಂತು ಶ್ರಮದ ಮಹತ್ತ್ವವನ್ನು ಕುರಿತು ಭಾಷಣ ಮಾಡಿದವನೂ ನಾನೇ.

ನಮ್ಮ ಪುರಾಣಗಳಲ್ಲಿ ಇದಕ್ಕೆ ಬೇರೆಯ ದೃಷ್ಟಿಯೇ ಇಲ್ಲವೆಂದು ಮಾತ್ರ ಯಾರೂ ತಿಳಿಯಬಾರದು. ಮಧುರೆಯ ಮಾಹಾತ್ಮ್ಯವನ್ನು ಹೇಳುವ ಹಾಲಾಸ್ಯ ಮಾಹಾತ್ಮ್ಯದಲ್ಲಿ ಒಂದು ಕಥೆಯಿದೆ. ವೈಗೈ ನದಿಯು ಉಕ್ಕಿ ಏರಿಯನ್ನು ಕೊಚ್ಚುತ್ತಿರಲು, ಮನೆಗೊಬ್ಬನು ಬಂದು ಮಣ್ಣು ಹಾಕಬೇಕೆಂದು ಪಾಂಡ್ಯರಾಜನು ಸಾರಿಸಿದನು. ಪಿಟ್ಟು ಮಾರಿ ಜೀವಿಸುವ ಒಬ್ಬ ಮುದುಕಿಗೆ ಕಳುಹಿಸಲು ಗಂಡುದಿಕ್ಕಿಲ್ಲ. ಸುಂದರೇಶ್ವರನು ಕೂಲಿಯಾಳಿನ ವೇಷದಿಂದ ಬಂದು, ಮುರಿದ ಪಿಟ್ಟೇ ತನಗೆ ಕೂಲಿಯೆಂದು ಒಪ್ಪಂದ ಮಾಡಿಕೊಂಡು ಬುಟ್ಟಿಯನ್ನು ಹೊತ್ತನು. ತಿಂದು, ಹಾಡಿ, ಮಲಗಿ ಕಾಲ ಕಳೆದನು. ಮುದುಕಿಯ ಪಾಲಿನ ಏರಿಯು ಹಾಗೆಯೇ ಉಳಿಯಿತು. ಅರಸನು ಬೆತ್ತದಿಂದ ಹೊಡೆದನು. ಏಟು ಅರಸನ ಬೆನ್ನಿಗೂ ಅರಸಿಯ ಬೆನ್ನಿಗೂ ಏರಿಯ ಮೇಲಿದ್ದ ಸಕಲರ ಬೆನ್ನಿಗೂ ಬಿದ್ದಿತು. ಈ ಕಥೆಯನ್ನು ನಾನು ಹುಡುಗರಿಗೆ ಎಷ್ಟೋ ಸಲ ಹೇಳಿದ್ದೇನೆ. ಭಗವಂತನ ಲೀಲೆಯೆಂದು ಹೇಳಿದ್ದೇನೆ. ಆ ಬುಟ್ಟಿಯು ನಿಜವಾದ ಬುಟ್ಟಿಯೆಂದು ಹೇಳಿದ ನೆನಪಿಲ್ಲ.

ಸೆರೆಸೋಲರು ೧೯೩೭ರ ಬಳಿಕ ಬಿಹಾರಕ್ಕೆ ಬರಲಿಲ್ಲ. ಅಷ್ಟರಲ್ಲಿ ಕ್ವೇಕರ್ ಪಂಥಕ್ಕೆ ಸೇರಿದ್ದರು. ಎರಡನೆಯ ಮಹಾಯುದ್ಧದಲ್ಲಿ ಶಾಂತಿಯ ಮಾತನ್ನು ಹಿಟ್ಲರನ ದೇಶದಲ್ಲಿಯೇ ಹೋಗಿ ಹೇಳಬೇಕೆಂದು ಅನುಮತಿಯಿಲ್ಲದೆ ಗಡಿಯನ್ನು ದಾಟಿ ಸೆರೆಸಿಕ್ಕಿದರು. ಸ್ವದೇಶದಲ್ಲಿಯೂ ಮತ್ತೆ ಸೆರೆಮನೆಯನ್ನು ಕಂಡರು. ಅರುವತ್ತು ದಾಟಿದ ಮೇಲೆ ೧೯೪೧ರಲ್ಲಿ ವಿವಾಹವಾಗಿ, ೧೯೪೫ನೆಯ ಇಸವಿ ಅಕ್ಟೋಬರ್ ೨೩ರಂದು ತೀರಿಕೊಂಡರು. ಅವರ ಸಂಘದವರು ೧೯೫೦ರಲ್ಲಿ ಮತ್ತೊಮ್ಮೆ ಭಾರತಕ್ಕೆ ಬಂದು, ದೇಶವಿಭಜನೆಯಿಂದ ನೆಲೆಗೆಟ್ಟ ಜನರ ನಡುವೆ, ದೆಹಲಿಯ ಸಮೀಪದ ಫರೀದಾಬಾದಿನಲ್ಲಿ ಕೆಲಸಕ್ಕೆ ತೊಡಗಿದರು. ಆ ಹೊತ್ತಿಗೆ ರಾಜೇಂದ್ರ ಪ್ರಸಾದರು ರಾಷ್ಟ್ರಾಧ್ಯಕ್ಷರಾಗಿದ್ದರು; ಮುಂಗೇರಿನಲ್ಲಿ ಸನಿಕೆ ಹಿಡಿದಿದ್ದವರು ಪ್ರಧಾನಮಂತ್ರಿಗಳಾಗಿದ್ದರು.